ಬದುಕಿದ್ದರೆ ಒಂದನ್ನು ಒತ್ತಿ

ಶರ್ಟು ಬಿಚ್ಚುತ್ತಿದ್ದಾಗ ಹೆಣದ ಜೇಬು ಟಿಂಗ್ ಎಂದಿತು.

ನೀರಿನ ತಂಬಿಗೆ ಹಿಡಿದಿದ್ದ ಹಾಲಿನವನು ಥಟ್ಟನೆ ಹಿಂದೆ ಸರಿದ. ಗುಂಡಿ ಬಿಚ್ಚುತ್ತಿದ್ದ ದರ್ಜಿ ಕೈ ತೆಗೆಯಲಿಲ್ಲ. ತೆಗೆಯುವ ಹಾಗೂ ಇರಲಿಲ್ಲ; ಎದೆಯ ಮೇಲಿನ ಗುಂಡಿ ಕಾಜಾದಿಂದ ಹೊರಗೆ ಬರಲೊಲ್ಲದೆ ಹಟ ಹಿಡಿದಿತ್ತು.

“ನಾನೇ ಹೊಲಿದ ಶರ್ಟು,” ಎಂದ ದರ್ಜಿ, ಯಾರಿಗೂ ಅಲ್ಲದ ಹಾಗೆ. “ಕಾಜಾ ಬಿಗಿ ಆಯ್ತಲ್ಲೋ ಅಂತ ಅಣ್ಣ ಬೈದಿದ್ದ. ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಬಿಡಣ್ಣ ಅಂದಿದ್ದೆ. ಹಾಕೋಕೆ ಇರಬೇಕಲ್ಲ.”

ಜೇಬು ಇನ್ನೊಮ್ಮೆ ಟಿಂಗ್ ಎಂದಿತು.

ಅಂಗಳದಲ್ಲಿ ಅಳುತ್ತಿದ್ದವರು ಅಳು ನಿಲ್ಲಿಸಿದರು. ಯಾರೋ ಒಬ್ಬರು, ದಿನಾ ಕೇಳಿ ಬಾಯಿಗೆ ರೂಢಿಯಾಗಿದ್ದ ಮಾತನ್ನು ಕೇಳಿಯೇಬಿಟ್ಟರು.

“ಯಾರ್ದಣ್ಣಾ ಬಂತು?”

ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. ಉತ್ತರ ಹೇಳಬೇಕಾದವನು ಹಲಗೆಯ ಮೇಲೆ ಬಾಯಿ ಕೊಂಚ ತೆರೆದು ಮಲಗಿದ್ದ. ಹೇಳಲೆಂದೇ ತೆರೆದ ಹಾಗಿತ್ತು ಅದು.

ಒಳಗಿನಿಂದ ಬಂದ ಹೆಂಡತಿ ದರ್ಜಿಯ ಕೈಯನ್ನು ಪಕ್ಕಕ್ಕೆ ಸರಿಸಿ, ಗಂಡನ ಜೇಬಿಗೆ ಕೈ ಹಾಕಿ ಫೋನು ತೆಗೆದಳು. ಗುಂಡಿಗಳ ಹಳೆಯ ಫೋನು. ಬೆನ್ನ ಮುಚ್ಚಳ ಬೀಳದಿರಲೆಂದು ಸೈಕಲ್ ಟ್ಯೂಬಿನ ಒಂದು ಪಟ್ಟಿ ಸುತ್ತಿತ್ತು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಯಾರ್ದೂ ಇಲ್ಲ,” ಎಂದಳು.

ಅವಳಿಗೆ ಓದಲು ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಸತ್ತವನು ಊರಿನ ತಿರುವಿನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಪಂಚರಣ್ಣ. ಹಿಂದಿನ ದಿನ ಹಾಲಿನವನ ಚಕ್ರಕ್ಕೆ ಗಾಳಿ ಹೊಡೆಯುತ್ತ ಪಂಪಿನ ಹಿಡಿಯ ಮೇಲೆ ಬಾಗಿದವನು ಮತ್ತೆ ಏಳಲಿಲ್ಲ. ಹಾಲಿನವನು ಮೊದಲು ನಕ್ಕಿದ್ದ. ಪಂಚರಣ್ಣ ಊರಿಗೆಲ್ಲ ನಕಲಿನ ಮನುಷ್ಯ. ಯಾರು ಹೇಗೆ ನಡೆಯುತ್ತಾರೆ, ಹೇಗೆ ಕೆಮ್ಮುತ್ತಾರೆ, ಸಾಲ ಕೇಳುವಾಗ ಹೇಗೆ ಕತ್ತು ಕೆರೆದುಕೊಳ್ಳುತ್ತಾರೆ ಎಲ್ಲವನ್ನೂ ಮಾಡಿ ತೋರಿಸುತ್ತಿದ್ದ. ಇದೂ ಒಂದು ಹೊಸ ನಕಲು ಅಂದುಕೊಂಡು ಹಾಲಿನವನು, “ಯಾರಣ್ಣ ಇದು, ಗೊತ್ತಾಗ್ತಿಲ್ವಲ್ಲಾ,” ಎಂದು ಎರಡು ಸಲ ಕೇಳಿದ್ದನಂತೆ. ಈಗ ಜೇಬು ಟಿಂಗ್ ಎಂದಾಗ ಅವನು ಹಿಂದೆ ಸರಿದದ್ದಕ್ಕೆ ಅದೇ ಕಾರಣ.

ಮನೆಗೆ ಅಂಟಿದ ಅಂಗಡಿಯ ಗೋಡೆಗೆ ಪೇರಿಸಿದ ಸವೆದ ಟೈರುಗಳಿಗೆ ಒರಗಿ ಸೌದೆ ಅಜ್ಜಿ ಕೂತಿದ್ದಳು. ಹೆಂಡತಿ ಪಕ್ಕದಲ್ಲಿ ಹಾದುಹೋದಾಗ ಅವಳ ಕೈ ಹಿಡಿದು ಮೆಲ್ಲಗೆ ಕೇಳಿದಳು.

“ಬಂದಿದ್ದು ನಂದಾ ಮಗಳೇ?”

“ಅಲ್ಲಜ್ಜಿ.”

“ಹೋಗ್ಲಿ ಬಿಡು. ಇವತ್ತು ಕೇಳಬಾರದಿತ್ತು.”

ಹೆಂಡತಿ ಅಜ್ಜಿಯ ಮುಖ ನೋಡದೆ ಒಳಗೆ ಹೋದಳು.

*

ಆ ಫೋನು ಬರುವ ಮುಂಚೆ ಊರಿಗೂ ಕಚೇರಿಗೂ ನಡುವೆ ಒಬ್ಬನೇ ಮನುಷ್ಯ ಇದ್ದ. ಕಚೇರಿಯ ಮೆಟ್ಟಿಲ ಮೇಲೆ ಬೆಳಗಾದರೆ ಕೂರುತ್ತಿದ್ದ. ಬಾಗಿಲು ತೆಗೆಯುವ ಜವಾನನಿಗಿಂತ ಮುಂಚೆ ಬಂದು, ಬೀಗ ಹಾಕುವವನ ಜೊತೆಗೇ ಹೋಗುತ್ತಿದ್ದ. ಅರ್ಜಿ ತಂದವರ ಕೈ ಹಿಡಿದು, “ಒಳಗಿನೋರಿಗೆ, ಅದಕ್ಕೂ ಒಳಗಿನೋರಿಗೆ, ಆಮೇಲೆ ಏನೋ ನನ್ನ ಟೀ ಖರ್ಚಿಗೆ” ಎನ್ನುತ್ತಿದ್ದ. ಹೆಸರೇ ಟೀಖರ್ಚು ಎಂದಾಯಿತು. ಅವನು ಟೀ ಕುಡಿದದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ.

“ನಮ್ಮ ನಿಮ್ಮ ಹಾಗಲ್ಲ ಅವನು,” ಎನ್ನುತ್ತಿದ್ದ ಪಂಚರಣ್ಣ. “ಅವನಿಗೆ ಬೆಳಗಿಂದ ಸಂಜೆ ತನಕ ಲಂಚ್ ಟೈಮೇ.”

ಆಮೇಲೆ ಟೀಖರ್ಚಿನ ಹಾಗೆ ಒಂದು ಹುಬ್ಬು ಏರಿಸಿ, ಅರ್ಜಿಯ ಮೇಲಿನ ಫೋಟೋವನ್ನು ದೂರ ಹಿಡಿದು, “ಅಜ್ಜಿ, ಇದ್ರಲ್ಲಿ ನಿನ್ನ ಎಡಗಿವಿ ಕಾಣ್ತಿಲ್ಲ, ಸಾಹೇಬರು ಒಪ್ಪಲ್ಲ” ಎನ್ನುವಾಗ ಅಂಗಡಿಯ ಮುಂದಿನ ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಮಾರನೆಯ ದಿನ ಅದೇ ಜನ ಅದೇ ಮೆಟ್ಟಿಲಿಗೆ ಹೋಗಿ ಕೈ ಚಾಚುತ್ತಿದ್ದರು. ನಗು ಬೇರೆ, ಕೆಲಸ ಬೇರೆ.

ಒಂದು ವರ್ಷ ಎಲ್ಲವೂ ಕಂಪ್ಯೂಟರಿಗೆ ಹೋಯಿತು. ಟೌನಿನಲ್ಲಿ ಸೇವಾ ಕೇಂದ್ರ ಬಂತು. ಅರ್ಜಿ ಅಲ್ಲೇ, ಹಣ ನೇರ ಬ್ಯಾಂಕಿಗೆ, ಬಂದ ಸುದ್ದಿ ಫೋನಿಗೆ. ಕೇಂದ್ರದ ಹುಡುಗಿ ಪ್ರತಿಯೊಬ್ಬರನ್ನೂ “ನಂಬರ್ ಹೇಳಿ” ಎಂದಳು. ಆಗ ಊರಿನಲ್ಲಿ ಇದ್ದದ್ದು ಒಂದೇ ಫೋನು. ಸರದಿಯಲ್ಲಿ ಮೊದಲು ನಿಂತವನು ಪಂಚರಣ್ಣನ ನಂಬರು ಹೇಳಿದ. ಎರಡನೆಯವನು “ಅದೇ” ಎಂದ. ಕೊನೆಯವಳು “ಎಲ್ಲರದ್ದೂ ಏನೋ ಅದೇ ನಂದೂ” ಎಂದಳು. ಊರಿಗೊಂದು ಬಾವಿ ಇದ್ದ ಹಾಗೆ ಊರಿಗೊಂದು ನಂಬರಾಯಿತು. ಮುಂದೆ ಮನೆಮನೆಗೆ ಫೋನು ಬಂದ ಮೇಲೂ ಯಾರೂ ಬದಲಾಯಿಸಲಿಲ್ಲ. ಅಣ್ಣನ ಹತ್ತಿರ ಇದ್ದರೆ ನಮ್ಮ ಹತ್ತಿರ ಇದ್ದ ಹಾಗೇ ಎಂದರು. ಕಚೇರಿಯ ಕೆಲಸಕ್ಕೆಲ್ಲ ಫೋನಿಗೆ ಬರುವ ಗುಟ್ಟಿನ ಆರು ಅಂಕಿಗಳನ್ನು ಊರು ‘ಆರಂಕಿ’ ಎಂದು ಕರೆಯಿತು. ಊಟದ ನಡುವೆ ಎಂಜಲುಗೈಯಲ್ಲಿ ಎದ್ದು ಹೋಗಿ ಪಂಚರಣ್ಣ ಬೇಲಿಯಾಚೆಗೆ ಆರಂಕಿ ಕೂಗಿ ಹೇಳುವುದು, ಹೆಂಡತಿ ಗೊಣಗುವುದು, ಎರಡೂ ದಿನಚರಿಯಾದವು.

“ನಮಗೆ ಮಕ್ಕಳಿಲ್ಲ ಅಂತ ಯಾರು ಹೇಳಿದ್ದು?” ಎನ್ನುತ್ತಿದ್ದ ಅವನು. “ನೋಡು, ಎಷ್ಟು ಸಲ ಅಳುತ್ತೆ.”

ಮೊದಲ ಸಲ ಪಿಂಚಣಿ ಪೂರ್ತಿ ಬಂದಾಗ ಸೌದೆ ಅಜ್ಜಿ ಹೆದರಿದಳು. ಟೀಖರ್ಚಿಗೆ ಕೊಡುತ್ತಿದ್ದ ಪಾಲನ್ನು ಬೇರೆ ತೆಗೆದು ಮುಷ್ಟಿಯಲ್ಲಿ ಹಿಡಿದು ಊರೆಲ್ಲ ತಿರುಗಿದಳು.

“ಇದನ್ನ ಯಾರಿಗೆ ಕೊಡಬೇಕೋ?”

“ಯಾರಿಗೂ ಬೇಡಜ್ಜಿ. ನಿಂದೇ ಅದು.”

“ಕೊಡದೇ ಇದ್ರೆ ಮುಂದಿನ ತಿಂಗಳು ಬರುತ್ತಾ?”

“ಬರುತ್ತೆ.”

ಅಜ್ಜಿ ನಂಬಲಿಲ್ಲ. ಬ್ಯಾಂಕಿನವನಿಗೆ ಕೊಡಲು ಹೋದಳು, ಅವನು ಗದರಿಸಿದ. ಕೇಂದ್ರದ ಹುಡುಗಿಗೆ ಕೊಡಲು ಹೋದಳು, ಅವಳು ನಕ್ಕಳು. ಕೊನೆಗೆ ಹಳೆಯ ಕಚೇರಿಯ ಮೆಟ್ಟಿಲಿಗೇ ಹೋಗಿ ನಿಂತಳು. ಟೀಖರ್ಚು ಕೈ ಚಾಚಿಯೂ ಆಗಿತ್ತು. ಸೈಕಲ್ ತುಳಿದುಕೊಂಡು ಏದುಸಿರು ಬಿಡುತ್ತ ಬಂದ ಪಂಚರಣ್ಣ ಅಜ್ಜಿಯ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಮುಷ್ಟಿ ಮುಚ್ಚಿಸಿದ.

“ಬಾ ಅಜ್ಜಿ, ಮನೆಗೆ ಹೋಗೋಣ. ಈ ಅಂಗಡಿ ಮುಚ್ಚಿದೆ.”

*

ಆ ಅಂಗಡಿಯವನೇ ಈಗ ಇಸ್ತ್ರಿ ಹಾಕಿದ ಬಿಳಿ ಶರ್ಟಿನಲ್ಲಿ ಅಂಗಳಕ್ಕೆ ಬಂದ. ಹೆಣದ ಮುಂದೆ ತಲೆ ಬಾಗಿಸಿ, ಬೇಕಾದಷ್ಟು ಹೊತ್ತಿಗಿಂತ ಕೊಂಚ ಹೆಚ್ಚೇ ನಿಂತ.

“ಎಂಥಾ ಮನುಷ್ಯ,” ಎಂದ. “ನನ್ನ ಬಾಯಿಗೆ ಮಣ್ಣು ಹಾಕ್ದ. ಆದ್ರೂ ನನಗೆ ಬೇಜಾರಿಲ್ಲ. ಈಗ ಅವನ ಬಾಯಿಗೆ ನಾವು ಹಾಕ್ತಿದೀವಿ. ಕಾಲ.”

“ಬಂದಿದ್ದು ಅಳೋಕೋ, ಲೆಕ್ಕ ಚುಕ್ತಾ ಮಾಡೋಕೋ?” ದರ್ಜಿ ಗೊಣಗಿದ.

ಟೀಖರ್ಚು ಕೇಳಿಸಿಕೊಳ್ಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ತಿರುಗಿದ.

“ತಂಗೀ, ಆ ಫೋನು ನಿನಗೆ ಹೊರೆ. ನಿನಗೋ ಓದೋಕೆ ಬರಲ್ಲ. ಇಷ್ಟು ಜನರ ಕೆಲಸ ಅದರೊಳಗಿದೆ. ನನಗೆ ಕೊಟ್ಟುಬಿಡು. ನನಗೆ ಹೊಸದಲ್ವಲ್ಲ ಈ ಕೆಲಸ.”

“ಹೊಸದಲ್ಲ, ಅದೇ ಭಯ,” ಎಂದ ದರ್ಜಿ, ಈ ಸಲ ಕೇಳುವ ಹಾಗೆ.

“ಹಾಗಾದ್ರೆ ನೀನಿಟ್ಕೊಳೋ ಮಾರಾಯ,” ಎಂದ ಹಾಲಿನವನು. “ನನ್ನ ಮಗಳ ವಿದ್ಯಾರ್ಥಿವೇತನದ ಆರಂಕಿ ಇವತ್ತು ಬರುತ್ತೆ, ಸಂಜೆಯೊಳಗೆ ಹಾಕಬೇಕು. ತಪ್ಪಿದ್ರೆ ಮುಂದಿನ ವರ್ಷವೇ.”

“ನನ್ನ ಮಷಿನ್ ಸದ್ದಲ್ಲಿ ನಮ್ಮನೆಯೋಳು ಕೂಗಿದ್ದೇ ಕೇಳಲ್ಲ, ಇದರ ಟಿಂಗ್ ಕೇಳುತ್ತಾ?”

ಒಬ್ಬಿಬ್ಬರು ಮೂಗಿನಲ್ಲೇ ನಕ್ಕರು. ಆದರೆ ನಕ್ಕವರೂ ಹೆಂಡತಿಯ ಸೊಂಟದ ಕಡೆಗೇ ನೋಡುತ್ತಿದ್ದರು. ಒಬ್ಬನಿಗೆ ಜಮೀನಿನ ಪತ್ರ ಬರಬೇಕಿತ್ತು, ಇನ್ನೊಬ್ಬಳಿಗೆ ಮನೆಯ ಕಂತು. ದುಃಖ ಇಲ್ಲವೆಂದಲ್ಲ. ಅಳುವ ಕಣ್ಣಿಗೂ ಹಸಿವು ಕಾಣುತ್ತದೆ.

“ಕೊಡು ಅತ್ತಿಗೆ,” ಎಂದಿತು ಒಂದು ದನಿ. “ಸದ್ಯಕ್ಕೆ ಅಷ್ಟೇ. ಆಮೇಲೆ ನೋಡೋಣ.”

“ಮೊದಲು ಮಣ್ಣಾಗ್ಲಿ,” ಎಂದಳು ಅವಳು.

ಜನ ಅದನ್ನು ದುಃಖವೆಂದುಕೊಂಡು ಸುಮ್ಮನಾದರು. ದುಃಖವೇ ಅದು. ಆದರೆ ಅದರೊಳಗೆ ಇನ್ನೊಂದು ಇತ್ತು. ಈ ಫೋನು ಬೇರೆ ಯಾರ ಕೈಗೆ ಹೋದರೂ, ಅವರು ಅಜ್ಜಿಯ ನಿಂತುಹೋದ ಪಿಂಚಣಿಯ ವಿಷಯ ವಿಚಾರಿಸಿದ ದಿನವೇ ಪಂಚರಣ್ಣ ಮಾಡಿದ್ದು ಹೊರಗೆ ಬರುತ್ತಿತ್ತು. ವಿಚಾರಿಸುವವನು ಟೀಖರ್ಚು ಆದರೆ ಅದನ್ನು ಊರ ನಡುವೆ ನಿಂತು ಓದುತ್ತಿದ್ದ. ಓದದಿದ್ದರೆ ಇನ್ನೂ ಕೆಟ್ಟದ್ದು: ಅಜ್ಜಿ ಜೀವ ಇರುವವರೆಗೂ ಅವನಿಗೆ ಪಾಲು ಕೊಡುತ್ತಿದ್ದಳು.

*

ಕೆಲವು ತಿಂಗಳ ಹಿಂದಿನ ಆ ದಿನ ಅಂಗಡಿಯ ಮುಂದೆ ಜಾತ್ರೆಯಷ್ಟು ಜನ. ಪಿಂಚಣಿಯವರೆಲ್ಲ ಬದುಕಿದ್ದಾರೋ ಇಲ್ಲವೋ ಎಂದು ಯಂತ್ರವೇ ಫೋನು ಮಾಡಿ ಕೇಳುವ ದಿನ ಅದು. ಊರಿಗೆಲ್ಲ ಒಂದೇ ನಂಬರಾದ್ದರಿಂದ ಕರೆಯ ಹಿಂದೆ ಕರೆ ಪಂಚರಣ್ಣನಿಗೇ ಬರುತ್ತಿದ್ದವು. ಅದರಲ್ಲೊಂದು ಹೆಣ್ಣು ದನಿ, ಹಿಟ್ಟಿನ ಗಿರಣಿಯ ಹಾಗೆ ಒಂದೇ ಸಮ: “ಫಲಾನುಭವಿ ಬದುಕಿದ್ದರೆ ಒಂದನ್ನು ಒತ್ತಿ. ಮೃತಪಟ್ಟಿದ್ದರೆ ಎರಡನ್ನು ಒತ್ತಿ.”

ಒತ್ತಿದ್ದರೆ ಸಾಕಿತ್ತು. ಆದರೆ ಎದುರಿಗೆ ಜನ ಇರುವಾಗ ಪಂಚರಣ್ಣ ಬರೀ ಬೆರಳಿನಿಂದ ಕೆಲಸ ಮಾಡುವವನಲ್ಲ. ಯಾರ ಹೆಸರು ಬಂತೋ ಅವರ ದನಿಯಲ್ಲಿ ಯಂತ್ರಕ್ಕೆ ಉತ್ತರ ಹೇಳಿ ಒಂದನ್ನು ಒತ್ತುತ್ತಿದ್ದ. ಉಬ್ಬಸದ ಮುದುಕನಂತೆ ಎಳೆದೆಳೆದು “ಇ...ದ್ದೀನಿ ತಾಯಿ, ಅರ್ಧ” ಎಂದ. ಕಿವುಡು ಅಜ್ಜನಂತೆ “ಯಾರು? ಬದನೆಕಾಯಾ?” ಎಂದ. ನಗುವಿಗೆ ಸೂರು ಹಾರಿತು.

ಕೊನೆಗೆ ಬಂದದ್ದು ಸೌದೆ ಅಜ್ಜಿಯ ಹೆಸರು. ಅವಳು ಅಲ್ಲಿರಲಿಲ್ಲ, ಸೌದೆ ಹೊತ್ತು ಹೋಗಿದ್ದಳು. ಉಳಿದವರದೆಲ್ಲ ವೃದ್ಧಾಪ್ಯ ವೇತನ; ಅವಳದು ಗಂಡ ಹೋದಾಗ ಸಿಕ್ಕಿದ ವಿಧವಾ ವೇತನ. ಇಲಾಖೆ ಬೇರೆ, ಯಂತ್ರ ಬೇರೆ. ಹೆಣ್ಣು ದನಿ ಮಾತ್ರ ಅದೇ. ಪಂಚರಣ್ಣ ನಡು ಬಗ್ಗಿಸಿ, ತಲೆಯ ಮೇಲೆ ಇಲ್ಲದ ಹೊರೆಯನ್ನು ಒಂದು ಕೈಯಲ್ಲಿ ಹಿಡಿದು, “ಸೌದೆ ಒಣಗ್ತು, ನಾನಿನ್ನೂ ಒಣಗಿಲ್ಲ ಕಣವ್ವಾ!” ಎಂದ. ಜನ ಬಿದ್ದು ಬಿದ್ದು ನಕ್ಕರು. ಆ ನಗುವಿನಲ್ಲಿ ಯಂತ್ರ ಏನು ಹೇಳಿತೋ ಯಾರಿಗೂ ಕೇಳಲಿಲ್ಲ. ಅವನು ಒಂದನ್ನು ಒತ್ತಿದ.

ಈ ಯಂತ್ರ ಸಾವನ್ನು ಮೊದಲು ಕೇಳುತ್ತಿತ್ತು: ಮೃತಪಟ್ಟಿದ್ದರೆ ಒಂದು, ಬದುಕಿದ್ದರೆ ಎರಡು.

“ಮಾಹಿತಿಗಾಗಿ ಧನ್ಯವಾದಗಳು,” ಎಂದಿತು ಫೋನು. “ಕುಟುಂಬಕ್ಕೆ ನಮ್ಮ ಸಂತಾಪಗಳು.”

ಅದನ್ನು ಕೇಳಿಸಿಕೊಂಡದ್ದು ಇಬ್ಬರೇ. ಫೋನು ಹಿಡಿದವನು, ಮತ್ತು ಅವನ ಬೆನ್ನಿಗೆ ಟ್ಯೂಬ್ ತೊಳೆಯುತ್ತ ಕೂತಿದ್ದ ಹೆಂಡತಿ. ಅವನ ನಡು ಇನ್ನೂ ಬಗ್ಗಿಯೇ ಇತ್ತು. ಜನ ಚಪ್ಪಾಳೆ ತಟ್ಟುತ್ತಿದ್ದರು.

ಎಲ್ಲರೂ ಹೋದ ಮೇಲೆ ಸಹಾಯವಾಣಿಗೆ ಫೋನು ಮಾಡಿದ. ಯಂತ್ರದ ಹಿಂದೆ ಯಂತ್ರ ದಾಟಿ ಕೊನೆಗೊಬ್ಬ ಮನುಷ್ಯ ಸಿಕ್ಕಿದ. “ದಾಖಲೆ ಪ್ರಕಾರ ಅವರು ಮೃತರು ಸರ್. ಬದಲಾವಣೆಗೆ ಫಲಾನುಭವಿ ಖುದ್ದಾಗಿ ಬರಬೇಕು.”

“ಸತ್ತೋರು ಖುದ್ದಾಗಿ ಹೇಗೆ ಬರ್ತಾರಪ್ಪಾ?”

“ಅದು ನಿಯಮ ಸರ್.”

ಮರುದಿನ ಟೌನಿಗೆ ಹೋಗಿ ಕೇಂದ್ರದ ಹುಡುಗಿಯನ್ನು ಕೇಳಿದ. ಅವಳು ಇದೇನು ಮಹಾ ಎಂಬಂತೆ ಹೇಳಿದಳು: ಅಜ್ಜಿಯನ್ನು ಕರೆದುಕೊಂಡು ಬನ್ನಿ, ಹೆಬ್ಬೆರಳು ಒತ್ತಿಸಿ, ಆಯ್ತು. ಯಾರಿಗೂ ಏನೂ ಕೊಡಬೇಕಿಲ್ಲ.

ಹಗುರಾಗಿ ವಾಪಸು ಬಂದ. ಅಂಗಡಿಯ ನೆರಳಲ್ಲಿ ಅಜ್ಜಿ ಕೂತಿದ್ದಳು.

“ನಂದು ಬಂತೇನೋ?”

ಅವನ ಬಾಯಿ ತೆರೆಯಿತು. ಬಂದದ್ದು ಬೇರೆ ಮಾತು. “ಸರ್ವರ್ ಡೌನ್ ಅಂತೆ ಅಜ್ಜಿ.”

“ಸರ್ವರೂ ಡೌನಾ? ಮತ್ತೆ ನೀನೊಬ್ಬ ಯಾಕೋ ನಿಂತಿದೀಯ?”

ಅವನು ನಕ್ಕ. ನಗುತ್ತ ನಗುತ್ತ ಆ ದಿನ ಹೋಯಿತು. ಆಮೇಲೆ ಹೇಳುವುದು ದಿನದಿನಕ್ಕೂ ಕಷ್ಟವಾಯಿತು. ನಿನ್ನೆ ಯಾಕೆ ಹೇಳಲಿಲ್ಲ ಎಂಬುದಕ್ಕೂ ಈಗ ಉತ್ತರ ಬೇಕಿತ್ತು.

“ಹೇಳಿಬಿಡಿ,” ಎನ್ನುತ್ತಿದ್ದಳು ಹೆಂಡತಿ. “ಅಜ್ಜಿ ನಾಲ್ಕು ಬೈತಾಳೆ. ಅಷ್ಟೇ ತಾನೇ?”

“ಅಜ್ಜಿ ಬೈದ್ರೆ ಬೈಸ್ಕೋತೀನಿ ಕಣೇ. ಟೀಖರ್ಚು ನಕ್ರೆ?” ಅವನು ಪಾನಾದಲ್ಲಿ ನಟ್ಟು ತಿರುವುತ್ತ ತಲೆ ಎತ್ತುತ್ತಿರಲಿಲ್ಲ. “ಇಷ್ಟು ವರ್ಷ ಅವನ ನಕಲು ಮಾಡಿ ನಗಿಸಿದೀನಿ. ಇನ್ಮೇಲೆ ಅವನು ಆ ಮೆಟ್ಟಿಲ ಮೇಲೆ ನನ್ನ ನಕಲು ಮಾಡ್ತಾನೆ. ‘ನೋಡ್ರೋ, ನಾನು ಬರೀ ಪಾಲು ತಿಂತಿದ್ದೆ, ಇವನು ಮುದುಕೀನೇ ತಿಂದ’ ಅಂತಾನೆ. ಜನ ಮತ್ತೆ ಅವನ ಹತ್ರಾನೇ ಹೋಗ್ತಾರೆ.”

“ಹಾಗಂತ ಅವಳು ಉಪವಾಸ ಇರಬೇಕಾ?”

“ಈ ಭಾನುವಾರ ಹೇಳ್ತೀನಿ.”

ಭಾನುವಾರಗಳು ಬಂದವು, ಹೋದವು. ಅಜ್ಜಿ ಬಂದಾಗಲೆಲ್ಲ ಅವನು ಟೀ ತರಿಸಿ, ಜೊತೆಗೊಂದು ಬನ್ನು ಕೊಟ್ಟು, “ಉಳಿದಿತ್ತಜ್ಜಿ” ಎನ್ನುತ್ತಿದ್ದ. ನಕಲು ಮಾಡುವುದನ್ನು ಬಿಟ್ಟ. ಜನ ಕೇಳಿದರೆ ಗಂಟಲು ಸರಿಯಿಲ್ಲ ಎಂದ. ವಯಸ್ಸಾಯ್ತು ಅಣ್ಣನಿಗೆ ಎಂದರು ಜನ.

*

ಮಣ್ಣು ಮಾಡುವ ಜಾಗ ಊರಿನಿಂದ ದೂರ, ಟೌನಿನ ರಸ್ತೆಯಲ್ಲಿ, ಕಲ್ಲುಕ್ವಾರಿಯ ಆಚೆಗಿತ್ತು. ಹೆಣ ಹೊತ್ತು ತಂದದ್ದು ಟೌನಿನಿಂದ ಕರೆಸಿದ್ದ ಸಾಮಾನು ಸಾಗಿಸುವ ಟೆಂಪೋ. ನೆಲ ಗಟ್ಟಿ. ಅಗೆಯುವವರು ಸುಸ್ತಾಗಿ ಬಿಂದಿಗೆಯ ನೀರು ಕುಡಿಯುತ್ತಿದ್ದರು. ಪಂಚರಣ್ಣನನ್ನು ಗುಂಡಿಗೆ ಇಳಿಸಿದಾಗ ಬಿಗಿ ಕಾಜಾದ ಅದೇ ಶರ್ಟು ಮೈಮೇಲಿತ್ತು. ದರ್ಜಿ ಅದನ್ನೇ ಮತ್ತೆ ಹಾಕಿಸಿದ್ದ.

“ಮೊದಲ ಹಿಡಿ ಹಿರಿಯರು ಹಾಕ್ಲಿ,” ಎಂದರು ಯಾರೋ. ಸೌದೆ ಅಜ್ಜಿ ಬಗ್ಗಿ ಮಣ್ಣು ಎತ್ತಿಕೊಂಡಳು.

ಅಷ್ಟರಲ್ಲಿ ಟೀಖರ್ಚು ಗಂಟಲು ಸರಿಮಾಡಿಕೊಂಡ.

“ಅವನ ಮುಂದೆಯೇ ಹೇಳಿಬಿಡ್ತೀನಿ. ಇನ್ನು ಈ ಊರಿನ ಫೋನಿನ ಜವಾಬ್ದಾರಿ ನಂದು. ಯಾರೂ ಹೆದರಬೇಡಿ. ಅಜ್ಜೀ, ಮೊದಲು ನಿನ್ನದೇ. ಇಷ್ಟು ತಿಂಗಳು ಅದು ಎಲ್ಲಿ ಸಿಕ್ಕಿಕೊಂಡಿದೆ ಅಂತ ನಾನು ಹುಡುಕಿಸ್ತೀನಿ. ಒಳಗಿನೋರಿಗೆ ಹೇಳಬೇಕು. ಏನೋ ಸ್ವಲ್ಪ...”

ಅವನು ಮಾತು ಮುಗಿಸಲಿಲ್ಲ. ಮುಗಿಸುವ ಅಗತ್ಯವೂ ಇರಲಿಲ್ಲ. ಅಜ್ಜಿಯ ಬಲಗೈಯಲ್ಲಿ ಮಣ್ಣಿತ್ತು. ಎಡಗೈ ತಾನೇ ತಾನಾಗಿ ಸೊಂಟದ ಸಂಚಿಗೆ ಹೋಗಿ ಅದರ ದಾರ ಎಳೆಯತೊಡಗಿತು. ಅವಳ ಮುಖದಲ್ಲಿ ಬೇಸರವಿರಲಿಲ್ಲ. ಕಳೆದುಹೋಗಿದ್ದ ದಾರಿ ಸಿಕ್ಕವರ ಮುಖ ಅದು.

ಹೆಂಡತಿ ಆ ಎಡಗೈಯನ್ನೇ ನೋಡುತ್ತಿದ್ದಳು. ಒಮ್ಮೆ ಗುಂಡಿಯ ಕಡೆ ನೋಡಿದಳು.

“ಸಂಚಿ ಮುಚ್ಚು ಅಜ್ಜಿ.”

“ಯಾಕೆ ಮಗಳೇ?”

“ನಿಂದು ಎಲ್ಲೂ ಸಿಕ್ಕಿಕೊಂಡಿಲ್ಲ. ನೀನು ಸತ್ತಿದೀಯ ಅಂತ ಬರ್ಕೊಂಡಿದಾರೆ. ಆ ಯಂತ್ರದ ಫೋನು ಬಂತಲ್ಲ, ಎಲ್ಲರೂ ನಗ್ತಿದ್ರಲ್ಲ, ಆ ದಿನ. ಒತ್ತಿದ್ದು ಇವರೇ.” ಅವಳು ಕೈ ತೋರಿಸಲಿಲ್ಲ, ಗಲ್ಲದಿಂದ ಗುಂಡಿಯ ಕಡೆ ತೋರಿಸಿದಳು. “ತಪ್ಪಿ ಒತ್ತಿದ್ರು. ಆದ್ರೆ ಗೊತ್ತಾದ ಮೇಲೂ ಹೇಳಲಿಲ್ಲ. ನಾನೂ ಹೇಳಲಿಲ್ಲ.”

ಅಗೆಯುವವನ ಕೈಯಲ್ಲಿದ್ದ ಬಿಂದಿಗೆ ಲೋಟಕ್ಕೆ ತಾಗಿ ಠಣ್ ಎಂದಿತು. ಆ ದಿನ ಚಪ್ಪಾಳೆ ತಟ್ಟಿದ್ದವರು ತಮ್ಮ ತಮ್ಮ ಅಂಗೈ ನೋಡಿಕೊಂಡರು.

“ಅಂದ್ರೆ,” ಎಂದಳು ಅಜ್ಜಿ ನಿಧಾನವಾಗಿ, “ಅವತ್ತಿಂದ ನಾನು ಸತ್ತೇ ಓಡಾಡ್ತಿದೀನಾ?”

“ಹೂಂ ಅಜ್ಜಿ.”

“ಮತ್ತೆ ನನ್ನ ಮಣ್ಣಿಗೆ ಒಬ್ರೂ ಬರಲಿಲ್ವಲ್ಲೇ!”

ಯಾರೋ ನಕ್ಕು, ಅದನ್ನು ಕೆಮ್ಮಾಗಿ ಮಾಡಿಕೊಂಡರು.

ಟೀಖರ್ಚಿನ ಮುಖ ಅರಳಿತ್ತು. “ಕೇಳಿದ್ರಾ? ಎಲ್ಲಾರೂ ಕೇಳಿದ್ರಾ? ನನ್ನ ಕಾಲದಲ್ಲಿ ಟೀ ಖರ್ಚು ಅಂತ ಇತ್ತು, ಒಪ್ಕೋತೀನಿ. ಆದ್ರೆ ಬದುಕಿದ್ದ ಒಬ್ರನ್ನಾದ್ರೂ ಸಾಯಿಸಿದ್ನಾ?”

“ಇಲ್ಲಪ್ಪ,” ಎಂದಳು ಅ‌ಜ್ಜಿ. “ನಿನ್ನ ಕಾಲದಲ್ಲಿ ಸತ್ತೋರಿಗೂ ಪಿಂಚಣಿ ಬರ್ತಿತ್ತು. ನಿನ್ನ ಜೇಬಿಗೆ.”

ಈ ಸಲ ನಗುವನ್ನು ಯಾರೂ ಕೆಮ್ಮಾಗಿಸಲಿಲ್ಲ. ಆದರೆ ಅಜ್ಜಿ ನಗಲಿಲ್ಲ. ಟೀಖರ್ಚು ದನಿ ತಗ್ಗಿಸಿ, “ಬದುಕಿಸೋಕಾದ್ರೂ ಯಾರಾದ್ರೂ ಓಡಾಡಬೇಕಲ್ಲ ಅಜ್ಜಿ,” ಎಂದ.

“ಬೇಡ,” ಎಂದಳು ಹೆಂಡತಿ. “ಅವಳ ಹೆಬ್ಬೆರಳು ಸಾಕು. ಕೇಂದ್ರದ ಹುಡುಗಿ ಇವರಿಗೆ ಹೇಳಿ ಕಳಿಸಿದ್ಲು. ಈ ಫೋನು ನನ್ನ ಹತ್ರಾನೇ ಇರುತ್ತೆ. ಎಲ್ಲರೂ ಹೋಗಿ ಅವರವರ ನಂಬರು ಹಾಕಿಸ್ಕೊಳ್ಳಿ. ಅಲ್ಲೀತನಕ ಬಂದಿದ್ದನ್ನ ದರ್ಜಿ ಓದಿ ಹೇಳ್ತಾನೆ.” ಅವಳು ಫೋನನ್ನು ಸೊಂಟದಿಂದ ತೆಗೆದು ದರ್ಜಿಯ ಕೈಗಿತ್ತಳು. “ಬೆಳಿಗ್ಗೆ ಎರಡು ಬಂದಿವೆ. ನೋಡು.”

ದರ್ಜಿ ಕಣ್ಣು ಒರೆಸಿಕೊಂಡು ನೋಡಿದ. ಒಂದು ಜಾಹೀರಾತು; ಇನ್ನೊಂದರ ಆರಂಕಿಯನ್ನು ಹಾಲಿನವನಿಗೆ ಹೇಳಿದ. ಹಾಲಿನವನು ಅದನ್ನು ಬಾಯಿಪಾಠ ಮಾಡುತ್ತ ಒಂದು ಬದಿಗೆ ಹೋಗಿ, ತನ್ನ ಫೋನಿನಲ್ಲಿ ಮಗಳಿಗೆ ಹೇಳಿ, ಅಲ್ಲೇ ಅಳತೊಡಗಿದ.

ಅಜ್ಜಿ ಗುಂಡಿಯ ಅಂಚಿಗೆ ಬಂದು ನಿಂತಿದ್ದಳು. ಮುಷ್ಟಿಯ ಸಂದಿನಿಂದ ಮಣ್ಣು ಸಣ್ಣಗೆ ಉದುರುತ್ತಿತ್ತು.

“ನನ್ನ ದನೀಲೇ ನಗಿಸಿ ನನ್ನನ್ನೇ ಕೊಂದ್ಯಾ?” ಎಂದು ಕೆಳಗೆ ಕೇಳಿದಳು. “ದಿನಾ ಬನ್ನು ತಿನ್ನಿಸಿದ್ಯಲ್ಲೋ. ಉಳಿದಿತ್ತು ಅಂತಿದ್ದೆ. ಬನ್ನು ಯಾರ ಮನೇಲಾದ್ರೂ ದಿನಾ ಉಳಿಯುತ್ತಾ? ಅದೊಂದು ಮಾತು ಹೇಳೋಕೆ ನಿನಗೆ ಬಾಯಿ ಬರಲಿಲ್ವಾ? ಊರೋರ ಬಾಯೆಲ್ಲಾ ನಿನ್ನ ಹತ್ರ ಇತ್ತಲ್ಲೋ.”

ಹೆಂಡತಿ ಸದ್ದಿಲ್ಲದೆ ಅಳುತ್ತಿದ್ದಳು.

ಅಜ್ಜಿ ತಿರುಗಿ, ಮುಷ್ಟಿಯಲ್ಲಿ ಉಳಿದ ಮಣ್ಣನ್ನು ರಾಶಿಯ ಮೇಲೇ ವಾಪಸು ಸುರಿದಳು.

“ಈಗ ಹಾಕಲ್ಲ. ಸತ್ತೋರು ಹಾಕಿದ ಮಣ್ಣು ಯಾವ ಲೆಕ್ಕಕ್ಕೆ? ಬದುಕಿ ಬಂದು ಹಾಕ್ತೀನಿ. ಟೆಂಪೋ ಟೌನಿಗೇ ತಾನೇ ಹೋಗೋದು?”

“ಅಲ್ಲೀತನಕ ಇವನನ್ನ ಹೀಗೇ ಬಿಟ್ಟು ಕಾಯೋದಾ ಅಜ್ಜಿ?” ಅಗೆಯುವವನು ಕೇಳಿದ.

“ನಾನು ಕಾಯಲಿಲ್ವಾ?”

ಎಲ್ಲರೂ ಹೆಂಡತಿಯ ಕಡೆ ನೋಡಿದರು. ಅವಳು ಗುಂಡಿಯ ಕಡೆ ಒಮ್ಮೆ ಬಾಗಿ, ಗಂಡನ ಮುಖದ ಮೇಲಿನ ಬಟ್ಟೆ ಗಾಳಿಗೆ ಹಾರದಂತೆ ಒಂದು ಕಲ್ಲು ಇಡಲು ದರ್ಜಿಗೆ ಹೇಳಿದಳು.

“ಕಾಯ್ಲಿ,” ಎಂದಳು. “ನಾನೂ ಜೊತೆಗೆ ಹೋಗ್ತೀನಿ. ಇದು ಇವರು ಮಾಡಬೇಕಾಗಿದ್ದ ಕೆಲಸ.”

ಬಿಂದಿಗೆಯಲ್ಲಿ ಉಳಿದಿದ್ದ ನೀರಿನಿಂದ ಅಜ್ಜಿಯ ಹೆಬ್ಬೆರಳನ್ನು ತೊಳೆದಳು. ಮರದ ಅಂಟು, ತೊಗಟೆಯ ಕಪ್ಪು, ಈಗಿನ ಮಣ್ಣು. ತಿಕ್ಕಿದಷ್ಟೂ ಗೆರೆಗಿಂತ ಹೆಚ್ಚು ಗೀರುಗಳೇ ಕಂಡವು. ಕತ್ತಿ ತಾಗಿದ್ದು, ಮುಳ್ಳು ಹೊಕ್ಕಿದ್ದು. ಯಂತ್ರ ಇದನ್ನು ಓದುತ್ತದೋ ಇಲ್ಲವೋ ಎಂದು ಇಬ್ಬರೂ ಮಾತಾಡಲಿಲ್ಲ.

ಟೆಂಪೋದವನ ಪಕ್ಕದ ಸೀಟು ಕಿತ್ತುಹೋಗಿತ್ತು. ಹಿಂದೆ, ಹೆಣ ಮಲಗಿಸಿ ತಂದ ಜಾಗದಲ್ಲಿ ಹತ್ತಬೇಕಾಯಿತು.

“ಹಿಡ್ಕೊಳ್ಳೋಕೆ ಏನೂ ಇಲ್ಲ, ಮಲ್ಕೊಂಡುಬಿಡು ಅಜ್ಜಿ,” ಎಂದ ಅವನು. “ಕ್ವಾರಿ ರಸ್ತೆ, ಎತ್ತಿ ಎತ್ತಿ ಹಾಕುತ್ತೆ. ಆ ಬೆರಳು ಎಲ್ಲೂ ತಾಗಿಸಬೇಡ. ಧೂಳು ಹತ್ತುತ್ತೆ.”

ಅಜ್ಜಿ ಮಲಗಿದಳು. ತಲೆ ಹೆಂಡತಿಯ ತೊಡೆಯ ಮೇಲಿತ್ತು. ಗುಂಡಿಯ ಸುತ್ತ ಕುಕ್ಕುರುಗಾಲಲ್ಲಿ ಕೂತ ಜನ ಹಿಂದೆ ಹಿಂದೆ ಸರಿದು ಚಿಕ್ಕದಾಗುತ್ತ ಹೋದರು.

ಕ್ವಾರಿಯ ತಿರುವಿನಲ್ಲಿ ಜಲ್ಲಿ ಹಾಸುತ್ತಿದ್ದ ಕೂಲಿಯವರು ಟೆಂಪೋ ಬರುವುದನ್ನು ಕಂಡು ಬುಟ್ಟಿ ಕೆಳಗಿಟ್ಟರು. ಮಲಗಿದ ಮುದುಕಿ, ತಲೆದೆಸೆಯಲ್ಲಿ ಅತ್ತು ಬಾತ ಮುಖದ ಹೆಂಗಸು. ಅವರು ತಲೆಗೆ ಸುತ್ತಿದ್ದ ಬಟ್ಟೆ ತೆಗೆದು, ರಸ್ತೆಯ ಅಂಚಿಗೆ ಸರಿದು, ತಲೆ ತಗ್ಗಿಸಿ ನಿಂತರು. ಟೆಂಪೋ ಅವರನ್ನು ದಾಟಿ ಧೂಳೆಬ್ಬಿಸಿ ಹೋಯಿತು. ಆ ಧೂಳಿಗಿಂತ ಮೇಲೆ, ಪಕ್ಕದ ಹಲಗೆಯಾಚೆಗೆ, ಒದ್ದೆಯಾದ ಒಂದು ಹೆಬ್ಬೆರಳು ಯಾವುದಕ್ಕೂ ತಾಗದಂತೆ ನೆಟ್ಟಗೆ ನಿಂತಿತ್ತು.